ಒಂದೇ ವಾರದ ಅಂತರ

ವಿಮಾನದ ಚಿತ್ರ ಬರೆಯೆಂದರೆ ಇಂದಿನ ಬಾಲಕನು ಎಡಕ್ಕೊಂದು, ಬಲಕ್ಕೊಂದು ರೆಕ್ಕೆ ಬರೆದು ಮುಗಿಸುತ್ತಾನೆ. ಅವನ ಮುತ್ತಾತನ ಕಾಲದ ಅನೇಕ ವಿಮಾನಗಳಿಗೆ ಅಷ್ಟು ಸಾಲುತ್ತಿರಲಿಲ್ಲ. ಒಂದು ಜೊತೆ ರೆಕ್ಕೆಯ ಮೇಲೆ ಇನ್ನೊಂದು ಜೊತೆ. ನಡುವೆ ಆನಿಕೆಯ ಕಂಬಗಳು, ಬಿಗಿದ ತಂತಿಗಳು. ನೆಲದ ಸೇನೆಗಳು ಈ ರೂಪವನ್ನು ಬಿಡತೊಡಗಿದ ಮೇಲೂ ಕಡಲಿನವರು ಅದನ್ನು ಬಿಡಲೊಲ್ಲದೆ ಹೋದರು.

ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ವಿಮಾನವಾಹಕ ನೌಕೆಯ ಡೆಕ್ಕು ಕಿರಿದು. ಮರಳಿ ಬಂದ ವಿಮಾನವು ಮೆಲ್ಲನೆ ಇಳಿದು, ಬಾಲದ ಕೊಕ್ಕೆಯನ್ನು ಅಡ್ಡಲಾಗಿ ಬಿಗಿದ ತಂತಿಹಗ್ಗಕ್ಕೆ ಸಿಕ್ಕಿಸಿ ನಿಲ್ಲಬೇಕು. ತಪ್ಪಿದರೆ ಮುಂದೆ ತಡೆಬೇಲಿ, ಸುತ್ತಲೂ ಸಮುದ್ರ. ಜೋಡಿ ರೆಕ್ಕೆಗಳು ಕಡಮೆ ಅಗಲದಲ್ಲಿಯೇ ವಿಮಾನವನ್ನು ಎತ್ತಿಹಿಡಿದು ನಿಧಾನದ ಇಳಿತಕ್ಕೆ ನೆರವಾಗುತ್ತಿದ್ದವು. ಆದರೆ ಆ ಕಂಬ, ತಂತಿಗಳೇ ಗಾಳಿಗೆ ಅಡ್ಡವಾಗಿ ವೇಗವನ್ನು ಕುಗ್ಗಿಸುತ್ತಿದ್ದವು.

1931ರ ಜೂನ್ 30ರಂದು ಅಮೆರಿಕದ ನೌಕಾದಳವು ಇಂಥದೊಂದು ಕಾಳಗದ ವಿಮಾನವನ್ನು ಕಟ್ಟಿಕೊಡುವಂತೆ ಬೋಯಿಂಗ್ ಕಂಪೆನಿಯನ್ನು ಕೇಳಿತು. ಅದರ ಹೆಸರು ಎಕ್ಸ್‌ಎಫ್6ಬಿ-1. ಮೈಯೆಲ್ಲ ಲೋಹ, ರೆಕ್ಕೆಗೆ ಮಾತ್ರ ಹಳೆಯ ಪದ್ಧತಿಯಂತೆ ಬಟ್ಟೆಯ ಹೊದಿಕೆ. 625 ಅಶ್ವಶಕ್ತಿಯ ಎಂಜಿನ್, ಗಂಟೆಗೆ ಸುಮಾರು 200 ಮೈಲಿ ವೇಗ. ಒಡಲು ಗಟ್ಟಿಯಾಯಿತು, ಅದರೊಡನೆ ತೂಕವೂ 3,700 ಪೌಂಡಿಗೆ ಏರಿತು. ಕಾಳಗದಲ್ಲಿ ಬೇಕಾದ ಚುರುಕು ಅದಕ್ಕೆ ಬರಲಿಲ್ಲ. 1934ರಲ್ಲಿ ನೌಕಾದಳವು ಅದನ್ನು ಬಾಂಬು ಹೊರುವ ಕಾಳಗದ ವಿಮಾನವೆಂದು ಕರೆದು ಹೆಸರನ್ನೇ ಬದಲಿಸಿತು. ಎಂಜಿನ್ನಿನ ಮುಸುಕನ್ನು ತಿದ್ದಿದರು. ಎರಡು ಅಲಗಿನ ಪಂಖದ ಬದಲು ಮೂರು ಅಲಗಿನದನ್ನು ಕೂಡಿಸಿ ನೋಡಿದರು. ಫಲ ಸಾಲದಾಯಿತು. 1936ರಲ್ಲಿ ಆ ವಿಮಾನವು ತಡೆಬೇಲಿಗೆ ಅಪ್ಪಳಿಸಿತು. ಕಟ್ಟಿದ್ದು ಅದೊಂದೇ, ಮತ್ತೊಂದು ಹುಟ್ಟಲಿಲ್ಲ.

ಇಲ್ಲಿ ಎರಡು ದಿನಾಂಕಗಳನ್ನು ವಾಚಕರು ಗಮನಿಸಬೇಕು. ಈ ವಿಮಾನವು ಮೊದಲು ಹಾರಿದ್ದು 1933ರ ಫೆಬ್ರವರಿ 1ರಂದು. ಸರಿಯಾಗಿ ಒಂದು ವಾರದ ತರುವಾಯ, ಫೆಬ್ರವರಿ 8ರಂದು, ಅದೇ ಕಂಪೆನಿಯ 247 ಎಂಬ ಪ್ರಯಾಣಿಕರ ವಿಮಾನವು ಮೇಲೆದ್ದಿತು. ಅದಕ್ಕೆ ಒಂದೇ ಜೊತೆ ರೆಕ್ಕೆ, ಮೈಯೆಲ್ಲ ಲೋಹ. ಹಾರಿದೊಡನೆ ಚಕ್ರಗಳನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಮುಂದೆ ಜಗತ್ತು ನಡೆದ ದಾರಿ ಅದು.

ಹಾಗಾದರೆ ಆ ಜಾಣರಿಗೆ ಹೊಸ ದಾರಿ ಕಾಣಲಿಲ್ಲವೆ? ಕಂಡಿತ್ತು. ಆದರೆ ವಿಮಾನ ನಿಲ್ದಾಣದ ಉದ್ದನೆಯ ಬಯಲಿನಲ್ಲಿ ಇಳಿಯುವವನಿಗೂ ಅಲೆಯ ಮೇಲೆ ತೂಗುವ ಡೆಕ್ಕಿಗೆ ಇಳಿಯುವವನಿಗೂ ಒಂದೇ ಧೈರ್ಯ ಹೇಳಲಾಗದು. ಒಂಟಿ ರೆಕ್ಕೆಯ ಕಾಳಗದ ವಿಮಾನವು ಅಮೆರಿಕದ ನೌಕೆಗಳಿಗೆ ಬರಲು 1939ರವರೆಗೆ ಕಾಯಬೇಕಾಯಿತು. ವೇಗ ಬೇಕೆಂಬವರ ಮಾತು ಕೊನೆಗೆ ಗೆದ್ದಿತು ನಿಜ. ಅಲ್ಲಿಯತನಕ ಎಚ್ಚರ ಬೇಕೆಂದವರು ಕಾಯುತ್ತಿದ್ದುದು ಹಾರಾಟಗಾರನ ಪ್ರಾಣವನ್ನು.