ಮೊದಲು ಡಿಶ್, ಆಮೇಲೆ ರೇಡಿಯೊ

ಹ್ಯಾಮ್ ಉಪಗ್ರಹದ ಮಾತೆತ್ತಿದರೆ ಸಾಕು, ನಮ್ಮ ಹುಡುಗರು ನೇರ ರೇಡಿಯೊ ಸೆಟ್ಟಿನ ಬೆಲೆಗೇ ಹೋಗ್ತಾರೆ. ಬೆಲೆ ಕೇಳಿ ಸುಮ್ಮನಾಗ್ತಾರೆ. ಮಸ್ಕತ್ತಿನಲ್ಲಿ ಕೂತು ಹೀಗೆ ಕೈಬಿಡೋದು ತಪ್ಪು ಅಂತ ನಮ್ಮ ವಾದ.

ಭಯಕ್ಕೆ ಕಾರಣ ಇದೆ. ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್, ಬೆಂಗಳೂರು–ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿ 2010ರಲ್ಲಿ ಕಕ್ಷೆ ಸೇರಿದ ಸ್ಟಡ್‌ಸ್ಯಾಟ್, ಎರಡೂ ಭೂಮಿಗೆ ಹತ್ತಿರ ಸುತ್ತಿದವು. ತಲೆ ಮೇಲೆ ಹಾದುಹೋಗೋದು ಕೆಲವೇ ನಿಮಿಷ. ಅಷ್ಟರಲ್ಲಿ ಆಂಟೆನಾವನ್ನು ಅಡ್ಡಕ್ಕೂ ಮೇಲಕ್ಕೂ ತಿರುಗಿಸೋ ಮೋಟಾರು ಬೇಕು, ಜಾರುವ ತರಂಗಾಂತರವನ್ನು ಕಂಪ್ಯೂಟರ್ ಸರಿಪಡಿಸ್ತಾ ಇರಬೇಕು. ಸ್ಟಡ್‌ಸ್ಯಾಟ್‌ಗಾಗಿ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಭೂಕೇಂದ್ರವನ್ನೇ ಕಟ್ಟಬೇಕಾಯ್ತು.

ಆದರೆ 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಬೇರೆ ಜಾತಿ. ಅದರಲ್ಲಿರೋ ಹ್ಯಾಮ್ ಉಪಕರಣದ ಹೆಸರು ಕ್ಯೂಓ-100. ಭೂಸ್ಥಿರ ಕಕ್ಷೆ, ಹಾಗಾಗಿ ಕದಲಲ್ಲ. ಮಸ್ಕತ್ತಿನಿಂದ ನೈಋತ್ಯಕ್ಕೆ, ಸುಮಾರು 44 ಡಿಗ್ರಿ ಎತ್ತರದಲ್ಲಿ ನಿಂತಿರತ್ತೆ. ಮೋಟಾರಿನ ಖರ್ಚು ಅಲ್ಲೇ ಉಳೀತು. ಇನ್ನೊಂದು ಮಜಾ: ಅರಬ್ಬೀ ಟಿವಿಯ ಬದ್ರ್ ಉಪಗ್ರಹಗಳೂ ಅದೇ 26 ಡಿಗ್ರಿ ಪೂರ್ವದಲ್ಲಿವೆ. ಇಲ್ಲಿನ ಎಷ್ಟೋ ಮಾಳಿಗೆಗಳ ಡಿಶ್ ಈಗಾಗಲೇ ಅತ್ತ ಮುಖ ಮಾಡಿದೆ! ಊರಿನ ಚಾನೆಲ್‌ಗೆ ಅಂತ ನಮ್ಮವರು ಹಾಕಿಸಿದ ಡಿಶ್‌ಗಳನ್ನು ಮಾತ್ರ ತಿರುಗಿಸಬೇಕು.

ಕೇಳೋಕೆ ಬೇಕಾದ್ದು ಇಷ್ಟೇ: 80–90 ಸೆಂಟಿಮೀಟರ್ ಡಿಶ್, ಸಾಮಾನ್ಯ ಎಲ್‌ಎನ್‌ಬಿ, ಅದಕ್ಕೆ 12 ವೋಲ್ಟ್ ಕೊಡೋ ಬಯಾಸ್-ಟಿ, ಯುಎಸ್‌ಬಿಗೆ ಚುಚ್ಚೋ ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್. 10,489 ಮೆಗಾಹರ್ಟ್ಸ್ ಆಸುಪಾಸಿನ ಸಂಕೇತವನ್ನು ಎಲ್‌ಎನ್‌ಬಿ ಡಿಶ್ ಹತ್ತಿರವೇ 739ಕ್ಕೆ ಇಳಿಸಿಬಿಡತ್ತೆ. ಮಾಮೂಲಿ ಟಿವಿ ಕೇಬಲ್ ಸಾಕು. ದುಡ್ಡು ಹಾಕೋದಾದರೆ ಎಲ್‌ಎನ್‌ಬಿಗೆ ಹಾಕಿ. ಇಲ್ಲಿನ ಜೂನ್ ಬಿಸಿಲಿಗೆ ಅಗ್ಗದ್ದು ಕಾದು, ತರಂಗಾಂತರ ಜಾರಿ, ಮಾತು ಗೊಗ್ಗರಾಗತ್ತೆ. ಒಳ್ಳೆ ಆಸಿಲೇಟರ್ ಇದ್ದದ್ದು ತಡೆಯತ್ತೆ.

ಮಾತಾಡೋಕೆ 2,400 ಮೆಗಾಹರ್ಟ್ಸ್‌ನ ಕೆಲವು ವಾಟ್ ಬೇಕು, ಅದಕ್ಕಿಂತ ಮೊದಲು ಲೈಸೆನ್ಸ್ ಬೇಕು. ಇದರಲ್ಲಿ ಅಡ್ಡದಾರಿ ಬೇಡ. ಸುಲ್ತಾನ್ ಖಾಬೂಸ್ ಅವರೇ ಎ41ಎಎ ಅನ್ನೋ ಕರೆಸಂಕೇತದ ಹ್ಯಾಮ್ ಆಗಿದ್ದ ದೇಶ ಇದು. ರಾಯಲ್ ಒಮಾನಿ ಅಮೆಚೂರ್ ರೇಡಿಯೊ ಸೊಸೈಟಿ ಮಸ್ಕತ್ತಿನಲ್ಲೇ ಇದೆ, ಹೋಗಿ ಕೇಳೋಣ.

ಅದಕ್ಕೇ ಸಂಘದವರಲ್ಲಿ ನಮ್ಮ ಬೇಡಿಕೆ: ರೇಡಿಯೊ ಸೆಟ್ಟಿನ ಚರ್ಚೆ ಈ ವರ್ಷ ಬೇಡ. ಒಂದು ಹಳೇ ಡಿಶ್, ಮಾಳಿಗೆ ಹತ್ತೋಕೆ ಅನುಮತಿ, ಒಂದು ಶುಕ್ರವಾರ ಕೊಡಿ. ಇದೇ ಉಪಗ್ರಹ ಬೆಂಗಳೂರಿನಲ್ಲೂ ಪಶ್ಚಿಮಕ್ಕೆ 30 ಡಿಗ್ರಿ ಎತ್ತರದಲ್ಲಿ ಸಿಗತ್ತೆ. ನಾವು ಓದಿದ ಕಾಲೇಜುಗಳ ಜೂನಿಯರ್‌ಗಳಿಗೂ ಹೇಳಿದ್ದೇವೆ, ಅಲ್ಲೊಂದು ಡಿಶ್ ತಿರುಗಿಸಿ ಅಂತ.