ಅನ್ಯ ನಕ್ಷತ್ರಗಳ ಸುತ್ತ ಭೂಸದೃಶ ಗ್ರಹಗಳ ಶೋಧನೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿರುವ ಕೆ2-18ಬಿ ಗ್ರಹದಲ್ಲಿ ಜೀವಿಗಳ ಸುಳಿವು ದೊರೆತಿರಬಹುದೆಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನೇತೃತ್ವದ ತಂಡವು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಭೂಮಿಯಲ್ಲಿ ಸಾಗರದ ಸೂಕ್ಷ್ಮಜೀವಿಗಳಿಂದ ಉಂಟಾಗುವ ಡೈಮಿಥೈಲ್ ಸಲ್ಫೈಡ್ ಅನಿಲದ ಗುರುತು ಇದಕ್ಕೆ ಆಧಾರವಾಗಿತ್ತು. ಅದೇ ದತ್ತಾಂಶವನ್ನು ಮರುಪರಿಶೀಲಿಸಿದ ಇತರ ತಜ್ಞರು ಸಾಕ್ಷ್ಯ ಸಾಲದೆಂದು ಅಭಿಪ್ರಾಯಪಟ್ಟರು. ಸದರಿ ಗ್ರಹವು ಭೂಮಿಯ 8 ಪಟ್ಟಿಗೂ ಅಧಿಕ ದ್ರವ್ಯರಾಶಿಯುಳ್ಳದ್ದು. ಇಂತಹ ಸುದ್ದಿಗಳನ್ನು ವಿವೇಚಿಸಲು ಶೋಧನೆಯ ಹಂತಗಳನ್ನು ತಿಳಿದಿರುವುದು ಅವಶ್ಯಕವಾಗಿರುತ್ತದೆ.

ಶೋಧನೆಯ ವಿಧಾನಗಳು

ನಕ್ಷತ್ರದ ಪ್ರಖರ ಬೆಳಕಿನಲ್ಲಿ ಗ್ರಹವು ನೇರವಾಗಿ ಗೋಚರಿಸುವುದು ಅತಿ ವಿರಳ. ಆದುದರಿಂದ ನಕ್ಷತ್ರದ ಮೇಲೆ ಗ್ರಹವು ಉಂಟುಮಾಡುವ ಪರಿಣಾಮವನ್ನು ಅಳೆಯಲಾಗುತ್ತದೆ.

1. ಸಂಕ್ರಮಣ ವಿಧಾನ: 2004 ಮತ್ತು 2012ರಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿದುದನ್ನು ಅನೇಕರು ವೀಕ್ಷಿಸಿರಬಹುದು. ಅದೇ ರೀತಿ ದೂರದ ಗ್ರಹವು ತನ್ನ ನಕ್ಷತ್ರದ ಎದುರು ಹಾದುಹೋದಾಗ ಬೆಳಕು ಕುಂದುತ್ತದೆ. ಇದರಿಂದ ಗ್ರಹದ ಗಾತ್ರ ತಿಳಿಯುತ್ತದೆ. ಸೂರ್ಯನಂತಹ ನಕ್ಷತ್ರದ ಎದುರು ಭೂಮಿಯಷ್ಟು ಗಾತ್ರದ ಗ್ರಹ ಬಂದಲ್ಲಿ ಕುಂದುವ ಬೆಳಕು 12,000ದಲ್ಲಿ ಸುಮಾರು ಒಂದು ಪಾಲು ಮಾತ್ರ. 2009ರಿಂದ 2018ರವರೆಗೆ ಕಾರ್ಯನಿರ್ವಹಿಸಿದ ಕೆಪ್ಲರ್ ದೂರದರ್ಶಕವು ಈ ವಿಧಾನದಿಂದ 2,600ಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆಮಾಡಿತು.

2. ನಕ್ಷತ್ರದ ಓಲಾಟದ ಮಾಪನ: ಗ್ರಹದ ಸೆಳೆತದಿಂದ ನಕ್ಷತ್ರವು ತುಸು ಓಲಾಡುತ್ತದೆ. ಬೆಳಕಿನ ರೋಹಿತದಲ್ಲಿ ಇದನ್ನು ಗುರುತಿಸಿ ಗ್ರಹದ ಕನಿಷ್ಠ ದ್ರವ್ಯರಾಶಿಯನ್ನು ನಿರ್ಧರಿಸಲಾಗುತ್ತದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋಝ್ ಅವರು ಸೂರ್ಯಸದೃಶ ನಕ್ಷತ್ರದ ಮೊದಲ ಗ್ರಹವನ್ನು ಹೀಗೆ ಕಂಡುಹಿಡಿದು, 2019ರ ನೊಬೆಲ್ ಪ್ರಶಸ್ತಿಗೆ ಭಾಜನರಾದರು. ಗುರುಗ್ರಹವು ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಓಲಾಡಿಸಿದರೆ, ಭೂಮಿಯಿಂದಾಗುವ ಓಲಾಟ ಕೇವಲ 9 ಸೆಂಟಿಮೀಟರ್. ನಕ್ಷತ್ರದ ಮೇಲ್ಮೈಯ ಕಲೆಗಳೂ ಚಲನೆಗಳೂ ಇದಕ್ಕಿಂತ ಹೆಚ್ಚಿನ ಏರುಪೇರನ್ನು ಉಂಟುಮಾಡಬಲ್ಲವು.

3. ವಾಯುಮಂಡಲದ ಪರೀಕ್ಷೆ: ಸಂಕ್ರಮಣದ ವೇಳೆ ಗ್ರಹದ ವಾಯುಮಂಡಲವನ್ನು ಹಾದುಬಂದ ಬೆಳಕಿನಿಂದ ಅನಿಲಗಳನ್ನು ಗುರುತಿಸಲಾಗುತ್ತದೆ. 2021ರಲ್ಲಿ ಉಡಾಯಿಸಲಾದ ಜೇಮ್ಸ್ ವೆಬ್ ದೂರದರ್ಶಕವು ಇದರಲ್ಲಿ ಪ್ರಮುಖವಾದುದು.

ಫಲಿತಾಂಶಗಳ ವಿಶ್ಲೇಷಣೆ

ದೃಢಪಟ್ಟ ಅನ್ಯಗ್ರಹಗಳ ಸಂಖ್ಯೆಯು 2025ರ ಸೆಪ್ಟೆಂಬರ್‌ನಲ್ಲಿ 6,000ವನ್ನು ತಲುಪಿತು. ನಕ್ಷತ್ರವು ಚಿಕ್ಕದಾದಷ್ಟೂ ಗ್ರಹವು ಮರೆಮಾಡುವ ಬೆಳಕಿನ ಪಾಲು ಹೆಚ್ಚುವುದರಿಂದ ಕೆಂಪು ಕುಬ್ಜ ನಕ್ಷತ್ರಗಳತ್ತ ವಿಶೇಷ ಗಮನ ಹರಿಸಲಾಗಿದೆ. 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರಕ್ಕೆ ಭೂಮಿಯಷ್ಟೇ ಗಾತ್ರದ ಆಸುಪಾಸಿನ 7 ಗ್ರಹಗಳಿರುವುದಾಗಿ 2017ರಲ್ಲಿ ಪ್ರಕಟವಾಯಿತು. ಆದರೆ ಅವುಗಳ ಪೈಕಿ ಅತ್ಯಂತ ಒಳಗಿನ ಗ್ರಹಕ್ಕೆ ದಟ್ಟ ವಾಯುಮಂಡಲವಿಲ್ಲವೆಂಬುದನ್ನು 2023ರ ಮಾಪನಗಳು ಸೂಚಿಸಿದವು. ಗಾತ್ರವೊಂದು ಹೋಲಿದ ಮಾತ್ರಕ್ಕೆ ಭೂಮಿಯನ್ನು ಹೋಲಿದಂತಾಗುವುದಿಲ್ಲ.

ನಾಗರಿಕರು ಗಮನಿಸಬೇಕಾದ ಅಂಶಗಳು

ಅ) "ಅಭ್ಯರ್ಥಿ ಗ್ರಹ" ಎಂದರೆ ದೃಢಪಟ್ಟ ಗ್ರಹವಲ್ಲ. ಅರ್ಜಿ ಸ್ವೀಕೃತವಾದ ಮಾತ್ರಕ್ಕೆ ಮಂಜೂರಾತಿ ದೊರೆಯದಿರುವಂತೆ, ಇಲ್ಲಿಯೂ ಪರಿಶೀಲನೆ ಬಾಕಿ ಇರುತ್ತದೆ.

ಆ) "ವಾಸಯೋಗ್ಯ ವಲಯ" ಎಂಬುದು ನೀರು ದ್ರವರೂಪದಲ್ಲಿ ಇರಬಹುದಾದ ದೂರವನ್ನು ಮಾತ್ರ ಸೂಚಿಸುತ್ತದೆ, ನೀರಾಗಲಿ ಜೀವಿಗಳಾಗಲಿ ಇವೆಯೆಂದಲ್ಲ.

ಇ) ಗಾತ್ರ, ದ್ರವ್ಯರಾಶಿ ಎರಡೂ ಲಭ್ಯವಾದಲ್ಲಿ ಮಾತ್ರ ಸಾಂದ್ರತೆ ತಿಳಿದು, ಗ್ರಹವು ಶಿಲಾಮಯವೇ ಎಂಬುದನ್ನು ಅಂದಾಜಿಸಬಹುದು.

ಈ) ಜೀವಿಗಳ ಕುರಿತ ಯಾವುದೇ ಪ್ರಕಟಣೆಯನ್ನು ಬೇರೊಂದು ತಂಡವು ಸ್ವತಂತ್ರವಾಗಿ ದೃಢಪಡಿಸಿದೆಯೇ ಎಂಬುದನ್ನು ಗಮನಿಸತಕ್ಕದ್ದು.