ಧ್ವನಿಕಡತಗಳ ಡೌನ್‌ಲೋಡ್: ಸ್ವಾತಂತ್ರ್ಯ ಮತ್ತು ಹೊಣೆ

ಕಳೆದ ಚಳಿಗಾಲದಲ್ಲಿ, ಇಲ್ಲಿ ಇಂಗ್ಲೆಂಡಿನಲ್ಲಿ, ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ಊರಿನಿಂದ ಬಂದಿದ್ದ ಅವರ ತಂದೆಗೆ ಎಂಬತ್ತರ ಸಮೀಪದ ವಯಸ್ಸು. ನನ್ನ ಧ್ವನಿ ಕೇಳಿದೊಡನೆ ಗುರುತು ಹಿಡಿದು, ತಮ್ಮ ಮೊಬೈಲಿನಲ್ಲಿದ್ದ ಧ್ವನಿಮುದ್ರಣವೊಂದನ್ನು ಸಂತೋಷದಿಂದ ಕೇಳಿಸಿದರು. ಅದು 2012ರಲ್ಲಿ ಕನ್ನಡ ಕೂಟವೊಂದರ ಜಾಲತಾಣಕ್ಕಾಗಿ ನಾನು ಮುದ್ರಿಸಿಕೊಟ್ಟಿದ್ದ ಹೃದಯಾರೋಗ್ಯದ ಉಪನ್ಯಾಸ. ಐವತ್ತು ದಾಟಿದ, ಅಪಾಯದ ಲಕ್ಷಣಗಳುಳ್ಳವರು ವೈದ್ಯರನ್ನು ಕೇಳಿ ಪ್ರತಿದಿನ ಸಣ್ಣ ಪ್ರಮಾಣದ ಆಸ್ಪಿರಿನ್ ಸೇವಿಸಬಹುದು ಎಂದು ಅದರಲ್ಲಿ ಹೇಳಿದ್ದೆ. ‘ವೈದ್ಯರನ್ನು ಕೇಳಿ’ ಎಂಬ ಮಾತನ್ನು ಬಿಟ್ಟು ಉಳಿದುದನ್ನು ಆ ಹಿರಿಯರು ವರ್ಷಗಳಿಂದ ಪಾಲಿಸುತ್ತಿದ್ದರು. ಅವರಿಗೆ ಎಂದೂ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಆಗಿರಲಿಲ್ಲ.

ಆ ಸಲಹೆ ಅಂದು ಅಸಹಜವಾಗಿರಲಿಲ್ಲ. ಆದರೆ 2018ರಲ್ಲಿ ಪ್ರಕಟವಾದ ಆಸ್ಪ್ರೀ ಅಧ್ಯಯನವು ಆಸ್ಟ್ರೇಲಿಯಾ ಮತ್ತು ಅಮೆರಿಕದ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಆರೋಗ್ಯವಂತ ವೃದ್ಧರನ್ನು ಗಮನಿಸಿ, ಆಸ್ಪಿರಿನ್ನಿನಿಂದ ಅವರ ಆರೋಗ್ಯಪೂರ್ಣ ಆಯುಷ್ಯ ಹೆಚ್ಚಲಿಲ್ಲ, ಗಂಭೀರ ರಕ್ತಸ್ರಾವ ಮಾತ್ರ ಹೆಚ್ಚಿತು ಎಂದು ತೋರಿಸಿತು. 2022ರಲ್ಲಿ ಅಮೆರಿಕದ ರೋಗತಡೆ ಕಾರ್ಯಪಡೆಯು, ಹೃದ್ರೋಗವಿಲ್ಲದ ಅರವತ್ತು ದಾಟಿದವರು ಹೊಸದಾಗಿ ಇದನ್ನು ಆರಂಭಿಸಬಾರದೆಂದು ಶಿಫಾರಸು ಮಾಡಿತು. (ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನೋದಿ ತಾವಾಗಿಯೇ ಔಷಧ ನಿಲ್ಲಿಸಬಾರದು, ಅವರ ವಿಷಯ ಬೇರೆ.) ಆ ಹಿರಿಯರು ತಮ್ಮ ವೈದ್ಯರನ್ನು ಕಂಡು ಮಾತ್ರೆ ನಿಲ್ಲಿಸಿದರು, ಅಪಾಯವೇನೂ ಆಗಿರಲಿಲ್ಲ. ನನ್ನ ಮನಸ್ಸು ಮಾತ್ರ ಸಮಾಧಾನಗೊಳ್ಳಲಿಲ್ಲ. ಆ ಉಪನ್ಯಾಸವನ್ನು ಜಾಲತಾಣದಿಂದ ತೆಗೆಸಿ ಹಲವು ವರ್ಷಗಳಾಗಿದ್ದವು. ಪುಟ ಅಳಿದಿತ್ತು, ಪ್ರತಿ ಉಳಿದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನೆನಪಾಯಿತು.

ಹಾಗಾದರೆ ನಮ್ಮ ಧ್ವನಿಯನ್ನು ಡೌನ್‌ಲೋಡಿಗೆ ಒದಗಿಸುವುದೇ ತಪ್ಪೇ? ಹಲವು ದಿನ ಯೋಚಿಸಿದ ಮೇಲೆ, ಅಲ್ಲ ಎಂಬ ನಿರ್ಧಾರಕ್ಕೆ ಬಂದಿದ್ದೇನೆ.

ಇಂದು ಹೆಚ್ಚಿನ ಕನ್ನಡ ಉಪನ್ಯಾಸ, ಗಮಕ, ಕಥಾವಾಚನಗಳು ದೊಡ್ಡ ಕಂಪನಿಗಳ ವೇದಿಕೆಗಳಲ್ಲಿ ಹರಿದುಬರುತ್ತಿವೆ. ಅಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿಯಿದ್ದರೂ ಸಾಮಾನ್ಯವಾಗಿ ಸಿಗುವುದು ಆ ಆ್ಯಪ್‌ನೊಳಗೆ ಬೀಗಹಾಕಿಟ್ಟ ಪ್ರತಿ. ಆ್ಯಪ್ ಹೋದರೆ ಅದೂ ಹೋಗುತ್ತದೆ. ವೇದಿಕೆಗಳೂ ಶಾಶ್ವತವಲ್ಲ. ಮೈಸ್ಪೇಸ್ ಒಂದು ಕಾಲಕ್ಕೆ ಹೊಸ ಸಂಗೀತಗಾರರ ತವರಾಗಿತ್ತು. ಸರ್ವರ್ ಸ್ಥಳಾಂತರದ ವೇಳೆ 2003ರಿಂದ 2015ರವರೆಗಿನ ಹಾಡುಗಳು ನಾಶವಾದ ಸಂಗತಿ 2019ರಲ್ಲಿ ಜಗತ್ತಿಗೆ ತಿಳಿಯಿತು. ಐದು ಕೋಟಿಗೂ ಹೆಚ್ಚು ಹಾಡುಗಳೆಂದು ಅಂದು ವರದಿಯಾಗಿತ್ತು. ಇಂಟರ್ನೆಟ್ ಆರ್ಕೈವ್ ಸುಮಾರು 4.9 ಲಕ್ಷ ಹಾಡುಗಳನ್ನು ಮರಳಿ ಒದಗಿಸಿತು. ಅವು ಉಳಿದದ್ದು ಯಾರೋ ಮೊದಲೇ ಪ್ರತಿ ತೆಗೆದಿಟ್ಟುಕೊಂಡಿದ್ದರಿಂದ.

2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ಹೀಗಾಗಲಿಲ್ಲ. ಆ ಸೇವೆ ಧ್ವನಿಕಡತಗಳನ್ನು ತನ್ನಲ್ಲಿ ಇರಿಸಿಕೊಂಡಿರಲಿಲ್ಲ. ಪ್ರಕಾಶಕರ ಸ್ವಂತ ಸರ್ವರುಗಳಿಗೆ ದಾರಿ ತೋರಿಸುತ್ತಿತ್ತಷ್ಟೆ. ಒಂದು ಬಾಗಿಲು ಮುಚ್ಚಿತು, ಮನೆ ಉಳಿಯಿತು. ನಮ್ಮ ಕೂಟಗಳು ಈ ಎರಡು ಘಟನೆಗಳ ವ್ಯತ್ಯಾಸವನ್ನು ಗಮನಿಸಬೇಕು. ಅನಿವಾಸಿ ಕನ್ನಡಿಗರ ಮೊದಲ ತಲೆಮಾರಿನ ಧ್ವನಿಗಳು ಈಗ ಒಂದೊಂದಾಗಿ ಮೌನವಾಗುತ್ತಿವೆ. ಅವು ಬೇರೆಯವರ ವೇದಿಕೆಯಲ್ಲಷ್ಟೇ ಇದ್ದರೆ, ಅವುಗಳ ಆಯುಷ್ಯ ಆ ಕಂಪನಿಯ ಲಾಭನಷ್ಟಕ್ಕೆ ಕಟ್ಟುಬೀಳುತ್ತದೆ.

ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ. ಎಂಪಿ3 ವಿಧಾನದ ಪೇಟೆಂಟ್ ಪರವಾನಗಿ ವ್ಯವಸ್ಥೆ 2017ರಲ್ಲೇ ಕೊನೆಗೊಂಡಿತು. ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ ವೇಗದ ಒಂಟಿವಾಹಿನಿ ಮುದ್ರಣ ಸಾಕು. ಅರ್ಧ ಗಂಟೆಯ ಉಪನ್ಯಾಸ ಸುಮಾರು 14 ಮೆಗಾಬೈಟಿನಲ್ಲಿ ಅಡಗುತ್ತದೆ. ಹಳ್ಳಿಯ ದುರ್ಬಲ ಸಂಪರ್ಕದಲ್ಲೂ ಅದು ಇಳಿಯುತ್ತದೆ. ಒಮ್ಮೆ ಇಳಿದರೆ ಮತ್ತೆ ಸಂಪರ್ಕ ಬೇಕಿಲ್ಲ. ಅದೇ ಉಪನ್ಯಾಸದ ಸಂಕುಚಿತಗೊಳಿಸದ ಮೂಲಪ್ರತಿಗೆ ಸುಮಾರು 160 ಮೆಗಾಬೈಟ್ ಬೇಕು. ಅದನ್ನು ಎರಡು ಬೇರೆ ಬೇರೆ ಕಡೆಗಳಲ್ಲಿ ಕಾಪಾಡಬೇಕು. ಮುಂದೆ ತಿದ್ದಲು, ಹೊಸ ರೂಪಕ್ಕೆ ಬದಲಿಸಲು ಒದಗುವುದು ಅದೇ.

ಕಷ್ಟವಿರುವುದು ‘ನಮ್ಮದು’ ಎಂಬ ಪದದಲ್ಲಿ. ಧ್ವನಿ ನಮ್ಮದಾದ ಮಾತ್ರಕ್ಕೆ ಅದು ಹೊತ್ತ ಮಾತು ನಮ್ಮದಾಗುವುದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆಯ ಸಾಮಾನ್ಯ ನಿಯಮದಂತೆ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು 1981ರಲ್ಲಿ, ಕುವೆಂಪು ಅವರು 1994ರಲ್ಲಿ ನಿಧನರಾದರು. ಆ ಲೆಕ್ಕದಲ್ಲಿ ಅವರ ಕೃತಿಗಳ ಹಕ್ಕು ಕ್ರಮವಾಗಿ 2041 ಮತ್ತು 2054ರ ಕೊನೆಯವರೆಗೆ ಇರುತ್ತದೆ. ಕುಮಾರವ್ಯಾಸನನ್ನು ವಾಚಿಸಿ ಹಂಚಲು ಯಾರನ್ನೂ ಕೇಳಬೇಕಿಲ್ಲ. ಬೇಂದ್ರೆಯವರ ಕವನಗಳನ್ನು ವಾಚಿಸಿ ಹಂಚುವ ಮೊದಲು ಕೇಳಬೇಕು. ಹಿನ್ನೆಲೆಯಲ್ಲಿ ಸೇರಿಸಿದ ಚಿತ್ರಗೀತೆಯ ತುಣುಕಿಗೂ, ವಾಚಿಸಿದ ಗಮಕಿಯ ಒಪ್ಪಿಗೆಗೂ ಇದೇ ಎಚ್ಚರ ಅಗತ್ಯ. ಕೊಟ್ಟ ಪ್ರತಿಗಳನ್ನು ಹಿಂದಕ್ಕೆ ಪಡೆಯಲಾಗದ ಕಾರಣ, ಇಲ್ಲಿ ಒಪ್ಪಿಗೆ ಮೊದಲೇ ಸಿಗಬೇಕು.

ನನ್ನಂಥವರ ವಿಷಯದಲ್ಲಿ ಇನ್ನೊಂದು ಹೊಣೆಯಿದೆ. ಕಾವ್ಯವಾಚನ ಹಳೆಯದಾದಷ್ಟೂ ಬೆಲೆ ಪಡೆಯುತ್ತದೆ. ವೈದ್ಯಕೀಯ ಸಲಹೆಗೆ ಔಷಧದ ಶೀಶೆಯಂತೆ ಅವಧಿಯಿದೆ. ಆ ಅವಧಿಯನ್ನು ಜಾಲಪುಟದ ಮೇಲೆ ಬರೆದರೆ ಸಾಲದು, ಏಕೆಂದರೆ ಕಡತ ಪುಟವನ್ನು ಬಿಟ್ಟು ಪ್ರಯಾಣಿಸುತ್ತದೆ. ಕಡತದ ಹೆಸರು ಬದಲಾಗಬಹುದು, ಜೊತೆಗಿದ್ದ ವಿವರಣೆ ಕಳಚಬಹುದು. ದನಿಯೊಳಗೆ ಆಡಿದ ಮಾತು ಮಾತ್ರ ದನಿಯೊಂದಿಗೇ ಹೋಗುತ್ತದೆ. ಆದುದರಿಂದ ನಾನೀಗ ಪ್ರತಿ ಉಪನ್ಯಾಸದ ಮೊದಲ ವಾಕ್ಯದಲ್ಲೇ ತಿಂಗಳು ಮತ್ತು ವರ್ಷವನ್ನು ಉಚ್ಚರಿಸುತ್ತೇನೆ. ಮೂರು ವರ್ಷ ಕಳೆದಿದ್ದರೆ ಇದನ್ನು ನಂಬುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ ಎಂದು ಆರಂಭದಲ್ಲೂ ಕೊನೆಯಲ್ಲೂ ಹೇಳುತ್ತೇನೆ. ಹಳೆಯ ಪುಟವನ್ನು ಅಳಿಸುವುದಿಲ್ಲ. ಹಳೆಯ ಕಡತವಿದ್ದ ವಿಳಾಸದಲ್ಲೇ ತಿದ್ದುಪಡಿಯ ಧ್ವನಿಯನ್ನು ಇರಿಸುತ್ತೇನೆ. ಅಳಿಸಿದರೆ ಹುಡುಕಿ ಬಂದವರಿಗೆ ಖಾಲಿ ಪುಟ ಸಿಗುತ್ತದೆ. ತಿದ್ದಿದರೆ ಉತ್ತರ ಸಿಗುತ್ತದೆ.

2012ರ ಆ ಉಪನ್ಯಾಸದ ತಿದ್ದುಪಡಿಯನ್ನು ಕಳೆದ ತಿಂಗಳು ಮುದ್ರಿಸಿದೆ; ನಾಲ್ಕು ನಿಮಿಷಗಳಷ್ಟೇ. ಅದನ್ನು ಮೊದಲು ಕಳುಹಿಸಿದ್ದು ಆ ಹಿರಿಯರಿಗೆ. ಹಳೆಯದನ್ನು ತಾವು ಯಾರು ಯಾರಿಗೆ ಹಂಚಿದ್ದರೋ ನೆನಪಿಸಿಕೊಂಡು, ಅವರಿಗೆಲ್ಲ ಇದನ್ನೂ ಕಳುಹಿಸುವುದಾಗಿ ಅವರು ಮಾತುಕೊಟ್ಟಿದ್ದಾರೆ. ಹಳೆಯ ಪ್ರತಿ ಹೋದ ದಾರಿಯಲ್ಲೇ ಹೊಸದೂ ಹೋಗಬೇಕಾಗಿದೆ. ಈ ಲೇಖನ ಓದಿದವರಲ್ಲಿ ಯಾರ ಬಳಿಯಾದರೂ ಆ ಹಳೆಯ ಪ್ರತಿಯಿದ್ದರೆ, ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸದಿರಿ.